ಕೋಟಿನೊಳಗಿನ ಕೂಸು

ನಮ್ಮ ಮನ್ಯಾಗ ಗಂಡಸು ತನ್ನ ಕೂಸಿನ್ನ ಎತ್ತಿಕೊಳ್ಳಂಗಿರಲಿಲ್ಲ. ಹಿರ್ಯಾರ ಮುಂದಂತೂ ಮಾತ ಬ್ಯಾಡ. ಅಣ್ಣನ ಮಗನ್ನ ಎತ್ತಿಕೋ, ತಂಗಿ ಮಗಳನ್ನ ಹೆಗಲ ಮ್ಯಾಲ ಕುಂಡರಿಸಿಕೊಂಡು ಪ್ಯಾಟಿ ತಿರುಗು, ಯಾರೂ ಏನೂ ಅನ್ನೂದಿಲ್ಲ. ತನ್ನ ಸ್ವಂತ ಕೂಸು ಮುಂದ ಬಿದ್ದು ಅಳಾಕತ್ತಿದ್ರ ಮಾತ್ರ ಅತ್ಲಾಗ ಮುಖ ಮಾಡಿ, ಯಾರ ಕೂಸೋ ಏನೋ ಅನ್ನೂವಂಗ ನಿಂದರಬೇಕು. ಅದಕ್ಕ ಮರ್ಯಾದಿ ಅಂತಿದ್ರು. ನಮ್ಮಪ್ಪ ನನ್ನನ್ನ ಒಂದ ಸಲಾನೂ ಎತ್ತಿಕೊಂಡಾಂವಲ್ಲ. ಅದು ನನಗ ಕೊರತಿ ಅಂತ ಎಂದೂ ಅನಿಸಿರಲಿಲ್ಲ. ಯಾರಪ್ಪ ಎತ್ತಿಕೊಂಡಿದ್ದ, ಹೇಳ್ರಿ?

ಇಂಥಾ ಮನ್ಯಾಗ ನಾ ನನ್ನ ಮಗಳನ್ನ ಒಂದು ಚಳಿಗಾಲ ಪೂರ್ತಿ ಅಂಗಿಯೊಳಗ, ಬರೇ ಎದಿಗೆ ಹಚ್ಚಿಕೊಂಡು ಕುಂತ್ನಿ. ನಾಚಿಕಿ ಅಂದ್ರೇನು ಅಂತ ಯಾರಾದ್ರೂ ಕೇಳಿದ್ರ ನನಗ ಆ ಚಳಿಗಾಲ ನೆನಪಾಗತೈತಿ.

ಅದು ಇನ್ನೂ ಬಿಳಿ ಸಾಹೇಬರ ರಾಜ್ಯ ಇದ್ದ ಕಾಲ. ಮೂಡಲಗ್ಯಾಗ ನಮ್ಮದು ಅರಬಿ ಅಂಗಡಿ, ಸೀರಿ ಧೋತರದ್ದು. ಮುಂದ ಅಂಗಡಿ, ಹಿಂದ ಮನಿ. ಮನ್ಯಾಗ ಅಪ್ಪ, ಅಪ್ಪನ ಅಕ್ಕ, ನಾನು, ನನ್ನ ಹೇಣ್ತಿ, ಇಷ್ಟ ಮಂದಿ. ಅವ್ವ ತೀರಿಕೊಂಡು ಬಾಳ ವರ್ಷ ಆಗಿತ್ತು. ಅಪ್ಪನ ಅಕ್ಕ, ಅಂದ್ರ ನಮ್ಮತ್ತಿ, ಸಣ್ಣ ವಯಸ್ಸಿನ್ಯಾಗ ಗಂಡನ್ನ ಕಳಕೊಂಡು ತವರಿಗೆ ಬಂದಾಕಿ. ಅಡಗಿ ಮನಿ ಪೂರ್ತಿ ಅಕೀದ.

ಹೇಣ್ತಿಗೆ ಏಳು ತಿಂಗಳು ತುಂಬಿತ್ತಷ್ಟ. ಕುಬಸ ಮಾಡಿ ಹುಕ್ಕೇರಿಗೆ, ಅಕಿ ತವರಿಗೆ ಕಳಸೂದು ಅಂತ ಅಂಗಡ್ಯಾಗಿಂದ ಹಸರು ಸೀರಿ ತಗದಿಟ್ಟಿದ್ವಿ. ಸೀರಿ ಮಡಿಕಿ ಬಿಚ್ಚಿರಲಿಲ್ಲ, ಕೂಸು ಬಂದ ಬಿಡ್ತು. ಸೂಲಗಿತ್ತಿ ಹೊರಗ ಬಂದು ಅಂಗೈ ಅಗಲ ಮಾಡಿ ತೋರಿಸಿದ್ಲು. "ಇಷ್ಟ ಐತ್ರಿ. ಹೆಣ್ಣು" ಅಂದು ನಮ್ಮತ್ತಿ ಮುಖಾ ನೋಡಿ ಸುಮ್ಮನಾದ್ಲು. ಉಗುರು ಸರಿಯಾಗಿ ಮೂಡಿರಲಿಲ್ಲ. ಮೊಲಿ ಚೀಪಾಕ ತ್ರಾಣ ಇರಲಿಲ್ಲ. ಹತ್ತಿ ಅರಳಿ ಬತ್ತಿ ಹೊಸದು, ಆಡಿನ ಹಾಲಿನ್ಯಾಗ ಅದ್ದಿ, ಬಾಯಾಗ ಹನಿ ಹನಿ ಬಿಡಬೇಕು. ಒಮ್ಮೊಮ್ಮೆ ನುಂಗೂದು ಮರೀತಿತ್ತು. ಒಮ್ಮೊಮ್ಮೆ ಉಸರಾಡೂದನ್ನೂ ಮರೀತಿತ್ತು, ಆಗ ಅಂಗಾಲ ತಿಕ್ಕಿ ಎಬ್ಬಸಬೇಕು.

ಅದರ ಮ್ಯಾಲ ಹೇಣ್ತಿಗೆ ಬಾಣಂತಿ ಜ್ವರ ಬಂತು. ಗೋಕಾಕಕ್ಕ ಹೋಗಿ, ಟಾಂಗಾ ಮಾಡಿ, ಡಾಕ್ಟರನ್ನ ಕರಕೊಂಡು ಬಂದ್ನಿ. ಅಂವ ತಾಯಿಗೆ ಔಷಧ ಕೊಟ್ಟು, ಕೂಸಿನ್ನ ನೋಡಿ, "ಇದಕ್ಕ ನನ್ನ ಹತ್ರ ಔಷಧ ಇಲ್ಲ. ಮೈ ತಣ್ಣಗಾಗಲಾರದಂಗ ನೋಡ್ಕೋರಿ. ತಣ್ಣಗಾತು ಅಂದ್ರ ಹೋತು. ಜ್ವರ ಇಳಿಯೂತನಕ ತಾಯಿ ಬಾಜೂ ಹಾಕಬ್ಯಾಡ್ರಿ" ಅಂದು ಕೈ ತೊಳಕೊಂಡು ಹ್ವಾದ.

ಅರಳ್ಯಾಗ ಸುತ್ತಿ ಬುಟ್ಟ್ಯಾಗ ಇಟ್ವಿ. ಇಟ್ಟಂಗಿ ಕಾಸಿ, ಅರಬಿ ಸುತ್ತಿ, ಬಾಜೂಕ ಇಟ್ವಿ. ಬಿಸಿ ಹೆಚ್ಚಾಗಿ ಹಿಮ್ಮಡಿ ಸುಟ್ಟು ಬೊಬ್ಬಿ ಬಂತು. ಇಟ್ಟಂಗಿ ತಗದ್ವಿ, ತುಟಿ ನೀಲಿ ತಿರುಗಿದ್ವು. ಸೂಲಗಿತ್ತಿಗೆ ಸಿಟ್ಟು ಬಂತು. "ಮನಿಶ್ಯಾರ ಮೈಗೆ ಹಚ್ಚಿ ಹಿಡೀರಿ! ಯಾರದರ ಮೈ ಆಗ್ಲಿ!" ಅಂದ್ಲು.

ಯಾರದು? ಅಕಿಗೆ ಸುತ್ತಲ ಊರಿನ ಹೆರಿಗಿ, ಬಂದು ಬಾಣಂತಿಗೆ ನೀರು ಹಾಕಿ ಹೋಗಾಕಿ. ಹೇಣ್ತಿಗೆ ತವರಿನ್ಯಾಗ ಅವ್ವ ಇಲ್ಲ. ನಮ್ಮತ್ತಿ ಎಲುವಿನ ಹಂದರ, ಬ್ಯಾಸಗ್ಯಾಗೂ ಕೈ ತಣ್ಣಗ ಇರ್ತಿದ್ವು. ಮ್ಯಾಲಾಗಿ ಅಕಿ ಕೂಸಿನ್ನ ಮುಟ್ಟಿದ್ರ ಅಡಗಿ ನಿಂತು ಹೋಗತಿತ್ತು. ನಮ್ಮ ಜೈನರ ಮನ್ಯಾಗ ಸೂತಕ ಅಂದ್ರ ಹಂಗ. ಬಾಣಂತಿ ಖೋಲ್ಯಾಗಿನ ಕೂಸಿನ್ನ ಮುಟ್ಟಿದವರು ತಲಿಮ್ಯಾಲ ನೀರು ಹಾಕಿಕೊಳ್ಳದೆ ಮನಿ ಒಳಗ ಬರಂಗಿಲ್ಲ, ಒಲಿ ಮುಟ್ಟಂಗಿಲ್ಲ, ಜಿನರ ಬಸ್ತಿ ಮೆಟ್ಲಾ ಹತ್ತಂಗಿಲ್ಲ. ಉಳದಾಂವ ನಾನ. ನನ್ನ ಮೈ ಸಣ್ಣಾಂವ ಇದ್ದಾಗಿಂದ ಬಿಸಿ.

ಹಿತ್ತಲ ಪಡಸಾಲ್ಯಾಗ ಕುಂತು ಅಂಗಿ ಗುಂಡಿ ಬಿಚ್ಚಿದ್ನಿ. ಸೂಲಗಿತ್ತಿ ಕೂಸಿನ್ನ ಎದಿಗೆ ಹಚ್ಚಿ, ಮ್ಯಾಲ ಅಂಗಿ ಮುಚ್ಚಿ, ಕೋಟು ಹಾಕಿ ಹ್ವಾದ್ಲು. ಕೂಸು ಎದಿಗೆ ಹತ್ತಿದ ಕೂಡ್ಲೆ ಪ್ರೀತಿ ಉಕ್ಕಿ ಬಂತು ಅಂತ ಹೇಳ್ಲ್ಯಾ? ಸುಳ್ಳ ಸುಳ್ಳ ಯಾಕ ಹೇಳ್ಲಿ. ಮದಲ ಬಂದದ್ದು ನಾಚಿಕಿ. ಬಾಗಲಾ ಹಾಕೇತೇನು ಅಂತ ನೋಡಿದ್ನಿ.

ಊಟಕ್ಕ ಒಳಗ ಹೋಗಬೇಕಂದ್ರ ಜಳಕಾ. ಅಂಗಡಿಗೆ ಹೋಗಬೇಕಂದ್ರ ಜಳಕಾ. ಭಾಂವಿ ನೀರು ಸೇದಿ ತಣ್ಣೀರು ತಲಿಮ್ಯಾಲ ಸುರಕೊಂಡು, ಉಂಡು, ಓಡಿ ಬಂದು ಮತ್ತ ಕೂಸಿನ್ನ ಅಂಗಿಯೊಳಗ ಹಾಕಿಕೊಳ್ಳತಿದ್ನಿ. ನಾ ಉಂಡು ಬಂದಾಗೆಲ್ಲಾ ಕೂಸು ಹಾಲು ಒಲ್ಲೆ ಅಂತಿತ್ತು, ತುಟಿ ನೀಲಿ ಆಗತಿದ್ವು. ದೃಷ್ಟಿ ಆಗೇತಿ ಅಂತ ನಮ್ಮತ್ತಿ ದೂರ ನಿಂತು ಉಪ್ಪು ಮೆಣಸಿನಕಾಯಿ ನಿವಾಳಿಸಿದ್ದ ನಿವಾಳಿಸಿದ್ದು. ಒಂದಿನ ಹೇಣ್ತಿಗೆ ಕುಡಿಯಾಕ ನೀರು ಕೊಟ್ನಿ. ತಂಬಗಿ ಇಸಕೊಳ್ಳುವಾಗ ನನ್ನ ಕೈ ಹತ್ತಿ ಅಕಿ ಬೆಚ್ಚಿ ಬಿದ್ಲು. "ಅಯ್ಯ, ಇದೇನ್ರಿ ಇದು! ಭಾಂವ್ಯಾಗಿನ ಕಪ್ಪಿ ಇದ್ದಂಗ ಐತಿ ನಿಮ್ಮ ಮೈ. ಜಳಕಾ ಮಾಡಿ ಮಾಡಿ ನೀವ ಅದರ ಜೀವಾ ತಗ್ಯಾಕತ್ತೀರಿ" ಅಂದ್ಲು. ಅಕಿಗೆ ಜ್ವರದಾಗ ಇದ್ದಷ್ಟು ಬುದ್ಧಿ ನಮಗ್ಯಾರಿಗೂ ಆರಾಮ ಇದ್ದಾಗ ಇರಲಿಲ್ಲ.

ಅವತ್ತ ಜಳಕಾ ಬಿಟ್ನಿ. ಜಳಕಾ ಬಿಟ್ಟ ಮ್ಯಾಲ ಮನಿ ಒಳಗ ಕಾಲಿಡೂದು ಬಂದ್ ಆತು, ಅಂಗಡಿ ಬಂದ್ ಆತು. ನಮ್ಮತ್ತಿ ತಾಟು ದೂರಿಂದ ಸರಿಸಿ ಹೋಗಾಕಿ. ಗಡ್ಡಾ ಬೆಳದು, ಮೈಗೆ ಹುಳಿ ಹಾಲಿನ ನಾತ ಹಿಡದು, ನಾ ಬಾಣಂತಿಗಿಂತ ಕಡಿ ಬಾಣಂತಿ ಆಗಿದ್ನಿ. ಓಣ್ಯಾಗಿನ ಗೆಳ್ಯಾ ಒಬ್ಬಾಂವ ಗ್ವಾಡಿ ಮ್ಯಾಲಿಂದ ಇಣಿಕಿ, "ಏನಪಾ, ಬಾಣಂತಿ ಆರಾಮ?" ಅಂದ. ಹೇಣ್ತಿ ಬಗ್ಗೆ ಕೇಳತಾನಂತ ತಿಳದು "ಜ್ವರ ಇಳಿವಲ್ದು" ಅಂದ್ನಿ. ಅಂವ ಕಿಸಿಕಿಸಿ ನಕ್ಕು ಗೋಕಾಕದ ಕರದಂಟಿನ ಪೊಟ್ಟಣ ಒಗದು, "ಇದು ನಿನಗ. ತಿನ್ನು, ನಡಾ ಗಟ್ಟಿ ಆಗ್ಲಿ" ಅಂದ. ಅವನ ಬಾಯಾಗ ಮಣ್ಣ ಹಾಕ. ಕರದಂಟು ಮಾತ್ರ ತಿಂದ್ನಿ.

ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಮಸಗುಪ್ಪಿ ಒಕ್ಕಲಿಗ ಒಬ್ಬಾಂವ ಅರಬಿ ತಗೊಂಡು, ಎತ್ತಿಗೆ ನೀರು ಕುಡಸಾಕಂತ ಹಿತ್ತಲಕ್ಕ ಬಂದ. ನನ್ನ ಕೋಟಿನೊಳಗ ಏನೋ ಮಿಸಕಾಡೂದು ನೋಡಿ, "ಯಪ್ಪಾ, ಸಾವಕಾರ, ಏನ್ರಿ ಅದು?" ಅಂದ. ನಾ ಕೋಟು ಬಿಗಿ ಹಿಡಕೊಂಡು, "ಬೆಕ್ಕಿನ ಮರಿ" ಅಂದ್ನಿ. ಅಂವ ನಂಬಿ ಹ್ವಾದ. ಒಳಗ ಅದರ ಎದಿ ನನ್ನ ಎದಿಗೆ ಹತ್ತಿ ಪಟಪಟ ಬಡಕೊಳ್ಳಾಕತ್ತಿತ್ತು. ಹೇಣ್ತಿ ಖೋಲ್ಯಾಗಿಂದ ಕೇಳಿಸಿಕೊಂಡಿರಬೇಕು. ಹೊರಸು ಕಿರಗುಟ್ಟಿತು, ಆ ಕಡೆ ಹೊರಳಿದ್ಲು. ಬೈದಿದ್ರ ಚೊಲೋ ಇತ್ತು.

ಅಪ್ಪ? ಅಪ್ಪ ದಿನಾ ಬೆಳಕು ಹರಿಯೂದ್ರಾಗ ಜಳಕಕ್ಕ ಭಾಂವಿಗೆ ಬರಾಂವ. ಬಾಗಲದಾಗ ನಿಂತು ಒಂದ ಸಲ ಕೆಮ್ಮತಿದ್ದ. ಕೆಮ್ಮು ಕೇಳಿದ ಕೂಡ್ಲೆ ನಾ ಗ್ವಾಡಿ ಕಡೆ ತಿರುಗಿ ಕುಂದರಬೇಕು. ಅಂವ ನನ್ನ ಬೆನ್ನ ಹಿಂದ ಹಾದು ಹೋಗಿ, ಜಳಕಾ ಮಾಡಿ, ಹಂಗ ಒಳಗ ಹೋಗತಿದ್ದ. ನಮ್ಮಿಬ್ಬರ ನಡುವ ಇದ್ದ ಕರಾರು ಅದು. ಯಾರೂ ಮಾತಾಡಿ ಮಾಡಿದ್ದಲ್ಲ. ಕೂಸು ಬದುಕೇತೋ ಇಲ್ಲೋ ಅಂತ ಅಂವ ನಮ್ಮತ್ತೀನ ಕೇಳತಿದ್ದನಂತ, ನನ್ನ ಕೇಳಲಿಲ್ಲ.

ಬಸ್ತ್ಯಾಗ ಅಭಿಷೇಕಕ್ಕ ಮನಿಗೊಂದು ಪಾಳಿ. ನಮ್ಮ ಪಾಳಿ ಮಾಗಿ ಚಳ್ಯಾಗ ಬರತಿತ್ತು, ಮತ್ತ ಬರಬೇಕಂದ್ರ ಒಂದು ವರ್ಷ ಕಾಯಬೇಕು. ಅಪ್ಪಗ ಅದು ಬಾಳ ದೊಡ್ಡ ದಿನ. ಆ ದಿನಾನ ನೋಡ್ರಿ, ನನಗ ನಡುಗೂ ಜ್ವರ ಹತ್ತಿತು. ಹಲ್ಲು ಕಟಕಟ ಕಡ್ಯಾಕತ್ತಿದ್ವು, ಮೈ ತಣ್ಣಗ ಕೊರ್ಯಾಕತ್ತಿತ್ತು. ಸೂಲಗಿತ್ತಿ ಹತ್ತರಗ್ಯಾಗ ಯಾರದೋ ಹೆರಿಗಿಗೆ ಹೋಗಿದ್ಲು. ಹೇಣ್ತಿ "ನನಗ ಕೊಡ್ರಿ" ಅಂತ ಕೈ ಚಾಚಿದ್ಲು. ಅಕೀಗೂ ಜ್ವರ ಮರುಕಳಿಸಿತ್ತು. ನನ್ನ ಎದಿ ಮ್ಯಾಲ ಕೂಸು ಸಪ್ಪಳ ಮಾಡೂದು ಬಿಟ್ಟಿತು.

ಅಪ್ಪ ಕೆಮ್ಮಿದ. ನಾ ತಿರುಗಲಿಲ್ಲ. ಅಂವ ಜಳಕಾ ಮುಗಿಸಿ, ಒದ್ದಿ ಮಡಿ ಉಟ್ಟು, ಅಭಿಷೇಕದ ನೀರು ಸೇದಿ ಕಳಸಾ ತುಂಬಿಕೊಂಡು ಮತ್ತ ನನ್ನ ಮುಂದ ಬಂದ. ಮತ್ತೊಮ್ಮೆ ಕೆಮ್ಮಿದ. ನಾ ಹಂಗ ಅವನ ಮುಖಾ ನೋಡಕೋತ ಕುಂತಿದ್ನಿ.

"ಯಾಕೋ?" ಅಂದ.

"ನನಗ ಚಳಿ ಬಂದೈತ್ರಿ. ಕೂಸು ತಣ್ಣಗಾಗಾಕತ್ತೈತಿ."

ನಮ್ಮತ್ತಿ ಅಡಗಿಮನಿ ಹೊಸ್ತಿಲ ದಾಟಿ ಬಂದ್ಲು. "ಕೊಡೋ ನನಗ! ಅಡಗಿಮನಿ ಹಾಳಾಗಿ ಹೋಗ್ಲಿ!" ಅಂದ್ಲು. ಅಪ್ಪ ಅಕಿ ಕೈ ನೋಡಿ, "ನಿನ್ನ ಮೈಯಾಗ ಏನೈತಿ, ಬರೇ ಎಲುವು" ಅಂದ. ಮುಂಬಾಗಲದಾಗ ಬಸ್ತಿಯವರು ಒದರಾಕತ್ತಿದ್ರು, "ಬರ್ರಿ ಸಾವಕಾರ, ಹೊತ್ತಾತು!"

ಅಪ್ಪ ಕಳಸಾ ನೆಲದ ಮ್ಯಾಲ ಇಟ್ಟ. ಸೂತಕದ ಪಡಸಾಲಿ ನೆಲದ ಮ್ಯಾಲ, ಅಭಿಷೇಕದ ನೀರು. ನಮ್ಮತ್ತಿ ಬಾಯಿ ಮ್ಯಾಲ ಕೈ ಇಟ್ಟುಕೊಂಡ್ಲು. "ಕೊಡು ಇಲ್ಲಿ" ಅಂದ ಅಪ್ಪ.

ನಾ ಕೊಡಲಿಲ್ಲ. "ಬ್ಯಾಡ್ರಿ. ನಿಮ್ಮ ಮೈ ತಣ್ಣಗೈತಿ" ಅಂದ್ನಿ. ಹುಟ್ಟಿದಾಗಿಂದ ಅಪ್ಪಗ ಒಲ್ಲೆ ಅಂದದ್ದು ಅದ ಮದಲು.

ಅಪ್ಪ ತನ್ನ ಎದಿ ತಾನ ಮುಟ್ಟಿ ನೋಡಿಕೊಂಡ. ಬಾಣಂತಿ ನೀರಿನ ಹಂಡೇದ ಒಲಿ ಅಲ್ಲೇ ಉರ್ಯಾಕತ್ತಿತ್ತು. ಹೋಗಿ ಅದರ ಮುಂದ ಕುಕ್ಕರಗಾಲಿಲೆ ಕುಂತು, ಒದ್ದಿ ಮಡಿ ಕಳದು ಕಂಬಳಿ ಸುತ್ತಿಕೊಂಡು, ಎದಿ ಕಾಸಿಕೊಳ್ಳಾಕತ್ತಿದ. ಕೈ ಕಾಸೂದು, ಎದಿಗೆ ತಿಕ್ಕೂದು. ನಾ ನಡುಗಕೋತ ಕೂಸಿನ ಅಂಗಾಲ ತಿಕ್ಕತಿದ್ನಿ. ಹೊರಗ ಮತ್ತ ಒದರಿದ್ರು. ಅಪ್ಪ ತಿರುಗದ, "ಬ್ಯಾರೇದವರು ಮಾಡ್ರಿ! ನನಗ ಆರಾಮಿಲ್ಲ!" ಅಂತ ಗಟ್ಯಾಗಿ ಅಂದ. ಅಪ್ಪ ಸುಳ್ಳು ಹೇಳಿದ್ದು ಕೇಳಿದ್ದೂ ಅದ ಮದಲು.

ಆಮ್ಯಾಲ ನನ್ನ ಕಡೆ ಬಂದು ಎದಿ ಮುಂದ ಮಾಡಿ ನಿಂತ. "ನೋಡು, ಈಗ ಆದೀತು?" ಅಂದ. ನಾ ಕೈ ಇಟ್ಟು ನೋಡಿದ್ನಿ. ಬಿಸಿ ಇತ್ತು. ಅಪ್ಪನ ಎದಿ ಮ್ಯಾಲ ಕೈ ಇಟ್ಟದ್ದು ನನ್ನ ಜೀವಮಾನದಾಗ ಅದ ಒಂದ ಸಲ. ನನಗ ಮುಖಾ ಎತ್ತಾಕ ಆಗಲಿಲ್ಲ, ಅವಗೂ ಆಗಲಿಲ್ಲ.

"ಹೆಂಗ ಹಿಡೀಬೇಕೋ ಇದನ್ನ?" ಅಂದ. ಮಕ್ಕಳ ಹಡದ ಮನಿ ಯಜಮಾನ, ಕೂಸಿನ್ನ ಹಿಡಿಯೂದು ಗೊತ್ತಿರಲಿಲ್ಲ. ಕಪ್ಪಿ ಕಾಲಂಗ ಮಡಿಚಿ, ಕಿವಿ ಎದಿಗೆ ಹತ್ತೂವಂಗ ಇಟ್ಟು, ಕುತಗಿ ಕೆಳಗ ಕೈ ಬಳ್ಳು ಕೊಟ್ಟು, ತೋರಿಸಿಕೊಟ್ನಿ. ಅಪ್ಪ ಉಸಿರು ಬಿಗಿಹಿಡಿದು ಕುಂತ. ಬಾಳ ಹೊತ್ತಾದ ಮ್ಯಾಲ ಕಂಬಳಿಯೊಳಗಿಂದ ಕುಂಯ್ ಅಂತ ಸಪ್ಪಳ ಬಂತು. ಹೇಣ್ತಿ ಖೋಲ್ಯಾಗ ಜೋರಾಗಿ ಅತ್ಲು. ಅಪ್ಪ ಮಾತ್ರ ಅಂದದ್ದು ಇಷ್ಟ: "ಬಾಗಲಾ ಹಾಕು."

ಹೇಣ್ತಿ ಎದ್ದು ಓಡ್ಯಾಡೂವಂಗ ಆದ್ಲು, ಕೂಸೂ ಉಳೀತು. ಆದ್ರ ಅದರ ಎದಿ ಎಂದೂ ಪೂರಾ ಗಟ್ಟಿ ಆಗಲಿಲ್ಲ. ಚಳಿ ಬಿತ್ತು ಅಂದ್ರ ಉಬ್ಬಸ, ಗೊರಗೊರ. ವೀಳ್ಯದೆಲಿ ಕಾಸಿ ಎದಿಗೆ ಇಡೂದು, ಎದಿಗೆ ಒರಗಿಸಿಕೊಂಡು ನೆಟ್ಟಗ ಕುಂದರಿಸೂದು, ಇಲ್ಲಾಂದ್ರ ಉಸಿರು ಸಿಗತಿರಲಿಲ್ಲ. ನಾನೂ ಅಪ್ಪಾನೂ ಪಾಳಿ ಮ್ಯಾಲ ಹಿಡೀತಿದ್ವಿ, ಬಾಗಲಾ ಹಾಕಿ. ಅಂಗಡ್ಯಾಗ, ಮಂದಿ ಮುಂದ, ನಮ್ಮಿಬ್ಬರಿಗೂ ಅದು ಯಾರ ಕೂಸೋ ಏನೋ.

ಮಗಳಿಗೆ ಮೂರು ತುಂಬಿದ ಚಳಿಗಾಲ. ಅಂಕಲಗಿಯಿಂದ ಲಗ್ನದ ಅರಬಿಗೆ ಅಂತ ಹಿರ್ಯಾರು ಬಂದು ಅಂಗಡಿ ತುಂಬ ಕುಂತಿದ್ರು. ಅಪ್ಪ ಗಾದಿ ಮ್ಯಾಲ, ನಾ ಗಜಾ ಹಿಡಕೊಂಡು ಅರಬಿ ಅಳ್ಯಾಕತ್ತಿದ್ನಿ. ನಡುವಿನ ಬಾಗಲಾ ನೂಕಿಕೊಂಡು ಬರಿಗಾಲಿಲೆ ಮಗಳು ಬಂದ್ಲು. ಉಸಿರು ಸೀಟಿ ಹೊಡ್ಯಾಕತ್ತಿತ್ತು. ನನ್ನ ಕಾಲ ಹಂತ್ಯಾಕ ಬಂದು, ಒಮ್ಮೆ ತಲಿ ಎತ್ತಿ ನೋಡಿದ್ಲು. ನಾ ಅರಬಿ ನೋಡಿದ್ನಿ. ಅಕಿ ನನ್ನ ದಾಟಿ ಹೋಗಿ ಗಾದಿ ಹತ್ತಿ, ಅಪ್ಪನ ತೊಡಿ ಮ್ಯಾಲ ಕುಂತು, ಕೋಟಿನ ಗುಂಡಿ ಬಿಚ್ಚಿದ್ಲು, ಅಂಗಿ ಗುಂಡಿ ಬಿಚ್ಚಿದ್ಲು, ಬರೇ ಎದಿಗೆ ಮುಖಾ ಹಚ್ಚಿ ಕುಂತ ಬಿಟ್ಲು.

ಎಲ್ಲಾರೂ ಅರಬಿ ಬಿಟ್ಟು ಆ ಕಡೆ ನೋಡಿದ್ರು. ಅಪ್ಪನ ಕಿವಿ ಕೆಂಪಾದ್ವು. ಅಂಕಲಗಿ ಮುದುಕ ಒಬ್ಬಾಂವ ನಕ್ಕು, "ಯಾರ ಕೂಸ್ರಿ ಸಾವಕಾರ?" ಅಂದ.

ಬೆಕ್ಕಿನ ಮರಿ ಅಂದಿದ್ದ ನಾ, ಅಳದ ಅರಬೀನ ಮತ್ತ ಅಳ್ಯಾಕತ್ತಿದ್ನಿ. ಅಪ್ಪ ಅಕಿ ಬೆನ್ನ ಮ್ಯಾಲ ಕೋಟು ಎಳದು, ಗುಂಡಿ ಹಾಕಕೋತ, "ನಂದು" ಅಂದ. "ಅರಬಿ ನೋಡ್ರಿ. ನನ್ನ ಏನು ನೋಡ್ತೀರಿ."

ಆಗ ನಾ ಗಜಾ ಕೆಳಗಿಟ್ಟು ಹೋಗಿ, ಅಷ್ಟೂ ಮಂದಿ ಮುಂದ ಕೈ ಚಾಚಿದ್ನಿ. "ಕೊಡ್ರಿ, ನಾ ಹಿಡೀತೇನಿ." ಅಪ್ಪ ನನ್ನ ಕೈ ಬಳ್ಳು ಮುಟ್ಟಿ ನೋಡಿದ.

"ತಣ್ಣಗದಾವು. ಕಾಸಿಕೊಂಡು ಬಾ" ಅಂದ.

ನಾ ಒಳಗ ಹೋಗಿ ಒಲಿ ಮುಂದ ಕುಂತು ಕೈ ಕಾಸಿಕೊಂಡ್ನಿ. ಬಿಸಿ ಆದ ಮ್ಯಾಲ ಹೊರಗ ಬಂದು ಮಗಳನ್ನ ಇಸಕೊಂಡ್ನಿ.