ಬೆಟ್ಟದ ತಗ್ಗಿನ ಕೆಳಗಿನ ಬಿಳಿ ಗೋಡೆ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಒಂದು ಪುಟ್ಟ ಶಾಲೆಗೆ ಟೀಚರಾಗಿ ಹೋದಾಗ ನನಗೆ ಇಪ್ಪತ್ತೆರಡು ವರ್ಷ. ಕೋಪ ಮೂಗಿನ ತುದಿಯಲ್ಲಿತ್ತು, ಈಜು ಬರುತ್ತಿರಲಿಲ್ಲ. ಶಾಲೆ ಇದ್ದದ್ದು ಕೆರೆಯಾಚೆ. ಭೀಮನಬೀಡಿನಲ್ಲಿ ಬಸ್ಸಿಳಿದು ಕೆರೆಯ ಏರಿ ಸುತ್ತಿಕೊಂಡು ನಡೆದರೆ ಒಂದೂವರೆ ಗಂಟೆ, ಹರಿಗೋಲಿನಲ್ಲಿ ಕೂತರೆ ಕಾಲು ಗಂಟೆ. ಒಂದು ವಾರ ನಡೆದು ಚಪ್ಪಲಿ ಕಿತ್ತುಹೋದ ಮೇಲೆ ಹರಿಗೋಲೇ ವಾಸಿ ಅನ್ನಿಸಿತು.

ಹರಿಗೋಲು ಹಾಕುತ್ತಿದ್ದವನು ಅರವತ್ತು ದಾಟಿದ ತಾತ. ಊರಿಗೆಲ್ಲ ನಾನು ಟೀಚರಮ್ಮ, ಇವನೊಬ್ಬನಿಗೆ ಬರೀ ಅಮ್ಮಿ. ಹಿಂದೆ ಏರಿ ಎತ್ತರಿಸಿದಾಗ ಒಂದು ದನದ ದೊಡ್ಡಿ ಕೆರೆಯಲ್ಲಿ ಮುಳುಗಿತ್ತಂತೆ. ಅದರ ಕಲ್ಲುಕಂಬಗಳು ಎರಡು ಸಾಲಾಗಿ, ನೀರಿನಿಂದ ಗೇಣು ಕೆಳಗೆ, ಚೂಪು ತಲೆ ಎತ್ತಿಕೊಂಡು ಇನ್ನೂ ನಿಂತಿದ್ದವು. ಆಚೀಚೆ ಜಾಲಿಯ ಬೊಡ್ಡೆಗಳು. ಸಾಲುಗಳ ನಡುವೆ ಎತ್ತಿನಗಾಡಿ ಹೋಗುವಷ್ಟು ದಾರಿ. ಹರಿಗೋಲು ಅಲ್ಲೇ ನುಸುಳಬೇಕು.

"ದೂರದಿಂದ ಕಂಬ ಕಾಣೋದೇ ಇಲ್ಲವಲ್ಲ, ದಾರಿ ಹೇಗೆ ಗೊತ್ತಾಗುತ್ತೆ?" ಎಂದು ಮೊದಲ ದಿನವೇ ಕೇಳಿದ್ದೆ.

"ಅಲ್ನೋಡು, ನಿನ್ ಇಸ್ಕೂಲ್ ಬಿಳೀ ಗ್ವಾಡೆ. ಅದ್ರ ಹಿಂದೆ ಬೆಟ್ಟದಲ್ಲಿ ಒಂದ್ ತಗ್ಗದೆ. ಗ್ವಾಡೆ ತಗ್ಗಿನ ಕೆಳಗೇ ಕುಂತಿರ್ಬೇಕು. ಅದು ಎಡಕ್ಕೆ ಜಾರ್ತು ಅಂದ್ರೆ ನಾವು ಬಲಕ್ಕೆ ಬಂದ್ಬುಟ್ಟೀವಿ ಅಂತ. ಗ್ವಾಡೆ ಜಾರಿದ್ ಕಡೀಕೇ ಹುಟ್ಟು ಆಕು. ಅಷ್ಟೆ ಕಣಮ್ಮಿ."

ಮಂಜು ಕವಿದ ಬೆಳಿಗ್ಗೆಗಳಲ್ಲಿ ಅವನು ದಡದಲ್ಲೇ ಕೂತು ಬೀಡಿ ಹಚ್ಚುತ್ತಿದ್ದ. ನಾನು ವಾಚು ನೋಡಿ ಹಲ್ಲು ಕಡಿಯುತ್ತಿದ್ದೆ. "ಬೆಟ್ಟ ಇನ್ನೂ ಎದ್ದಿಲ್ಲ ಕಣಮ್ಮಿ," ಎನ್ನುತ್ತಿದ್ದ, ಬೆಟ್ಟ ಅವನ ಸೋಮಾರಿ ಮಗನೋ ಎಂಬಂತೆ.

ಎರಡು ವರ್ಷ ಹೀಗೇ ನಡೆಯಿತು. ಆಗ ಸಾಕ್ಷರತಾ ಆಂದೋಲನ ಬಂತು. ಶಾಲೆಯ ಗೋಡೆಗಳ ಮೇಲೆ ಚಿತ್ರ ಬರೆಸಬೇಕೆಂದು ಆದೇಶ. ಒಂದು ಭಾನುವಾರ ಚಾಮರಾಜನಗರದ ಚಿತ್ರಕಾರನೊಬ್ಬ ಆಟೋದಲ್ಲಿ ಬಣ್ಣದ ಡಬ್ಬಿ ತುಂಬಿಕೊಂಡು ಬಂದ. ನಾನೂ ಅದರಲ್ಲೇ ಕೂತು ಕೆರೆ ಏರಿ ಸುತ್ತಿಕೊಂಡು ಹೋದೆ. ಕೆರೆಯ ಕಡೆಗಿದ್ದ ಗೋಡೆಯೇ ದೊಡ್ಡದು. ಅದರ ಮೇಲೆ ಹಸಿರು ಹೊಲ, ಕಂದು ಗುಡ್ಡ, ಕೆಂಪು ಸೂರ್ಯ, ಸ್ಲೇಟು ಹಿಡಿದ ಹೆಂಗಸು ಎಲ್ಲ ಬಂದರು. ಹೆಂಗಸಿನ ಸೀರೆಗೆ ಅಂಚು ಬರೆಸಿದ್ದು ನಾನೇ. ಆ ರಾತ್ರಿ ಖುಷಿಯಲ್ಲಿ ನಿದ್ದೆ ಬರಲಿಲ್ಲ.

ಸೋಮವಾರ ಹರಿಗೋಲಿನಲ್ಲಿ ನಾನು ಮತ್ತು ಆಚೆ ದಡದ ಮದುವೆ ಮನೆಗೆ ಮೂರು ಕುಕ್ಕೆ ಚೆಂಡುಹೂವು ಹೊತ್ತು ಹೊರಟಿದ್ದ ಹೂವಿನವಳು. ತಾತ ಕತ್ತು ಅತ್ತ ಚಾಚಿದ, ಇತ್ತ ಚಾಚಿದ. ನಾನು ಹೊಗಳಿಕೆಗೆ ಕಾದೆ. ತಡೆಯಲಾರದೆ, "ಗೋಡೆ ಹೇಗಿದೆ?" ಅಂದೆ. ಅವನು ಕಣ್ಣು ಕಿರಿದು ಮಾಡಿ ಮತ್ತೆ ಕತ್ತು ಚಾಚಿದ. ನಾನು ಮುಖ ಊದಿಸಿಕೊಂಡು ಕೂತೆ.

ಟರ್ರೆಂದಿತು. ಕಂಬವೊಂದು ಹರಿಗೋಲಿನ ತಳ ಸೀಳಿಕೊಂಡು ನನ್ನ ಊಟದ ಡಬ್ಬಿಯ ಪಕ್ಕದಲ್ಲೇ ತಲೆ ಹಾಕಿತು. ಪುಣ್ಯಕ್ಕೆ ಅಲ್ಲಿ ಎದೆಮಟ್ಟದ ನೀರು. ಕೆರೆಯ ತುಂಬ ಚೆಂಡುಹೂವು ತೇಲುತ್ತಿದ್ದರೆ ಹೂವಿನವಳು ಬೊಬ್ಬೆ ಹಾಕಿದಳು. ಅವಳಿಗಿಂತ ಜೋರಾಗಿ ನಾನು ಕೂಗಿದೆ, "ಕಣ್ಣು ಎಲ್ಲಿಟ್ಟಿದ್ದೀಯ ತಾತ?" ದಡದಲ್ಲಿ ನಿಂತಿದ್ದ ಮಕ್ಕಳೆಲ್ಲ ಕೇಳಿಸಿಕೊಂಡರು.

ಸಂಜೆಗೆ ಸುದ್ದಿ ಹಬ್ಬಿತ್ತು. ಶುಕ್ರವಾರ ಊರವರು ಸೇರುತ್ತಾರೆ, ಹುಟ್ಟನ್ನು ತಾತನಿಂದ ಕಿತ್ತು ಹೂವಿನವಳ ಮೈದುನನಿಗೆ ಕೊಡುತ್ತಾರೆ. ತಾತ ಹರಿಗೋಲು ಮಗುಚಿಕೊಂಡು ಟಾರು ಬಳಿಯುತ್ತಿದ್ದ. ಬೈಗುಳ ಇನ್ನೂ ಬಾಕಿ ಇದೆಯೆಂದು ಹತ್ತಿರ ಹೋದೆ.

"ಕಣ್ಗೆ ಪೊರೆ ಬಂದು ಎಲ್ಡ್ ವರ್ಸ ಆಯ್ತು ಕಣಮ್ಮಿ," ಅಂದ, ತಲೆ ಎತ್ತದೆ. "ಬೆಟ್ಟ ಕಪ್ಪುಗ್ ಕಾಣ್ತದೆ, ಗ್ವಾಡೆ ಬೆಳ್ಳುಗ್ ಕಾಣ್ತದೆ. ಅಷ್ಟೇ ಸಾಕಾಗಿತ್ತು. ಇವತ್ತು ಗ್ವಾಡೇನೆ ಇರ್ನಿಲ್ಲ. ಹುಟ್ಟು ಕಿತ್ಕಂಡ್ರೆ ನಾನೇನ್ ಮಾಡ್ಲಿ, ನೀನೇ ಯೋಳು."

ನನಗೆ ನಾಚಿಕೆಯಾಯಿತು. ನೀರಿಗೇ ಇಳಿದುಬಿಡೋಣ ಅನ್ನಿಸುವಷ್ಟು. ಮರುದಿನವೇ ಸುಣ್ಣ ತರಿಸಿ ಸೆರಗು ಸಿಕ್ಕಿಸಿಕೊಂಡು ನಿಂತೆ. ಹೊಲ, ಗುಡ್ಡ ಬೇಗ ಮಾಯವಾದವು. ಸೂರ್ಯ ಮಾತ್ರ ಮೂರು ಸಲ ಬಳಿದ ಮೇಲೆ ಮುಳುಗಿದ. ಆಮೇಲೆ ಚಿತ್ರ ಅಳಿಸಿದ್ದೇಕೆಂದು ಮೇಲಿನವರಿಂದ ಬಂದ ನೋಟೀಸಿಗೆ ಎರಡು ಪುಟ ಉತ್ತರ ಬರೆದೆ. ಅದನ್ನು ಯಾರೂ ಓದಿರಲಾರರು.

ಶುಕ್ರವಾರ ಊರವರ ಮುಂದೆ ತಪ್ಪು ನನ್ನದೆಂದು ಒಪ್ಪಿಕೊಂಡೆ. ಆದರೆ ಮಕ್ಕಳೂ ಆ ಹರಿಗೋಲಿನಲ್ಲಿ ಕೂರುತ್ತಾರೆ. ಪೊರೆಯ ವಿಷಯವನ್ನೂ ಬಾಯಿಬಿಟ್ಟೆ. ತಾತ ನನ್ನ ಕಡೆ ನೋಡಲಿಲ್ಲ. ಕೊನೆಗೆ ತೀರ್ಮಾನವಾಯಿತು: ಚಾಮರಾಜನಗರದ ಶಿಬಿರದಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬರಲಿ. ಬಂದು ಕಂಬ ತಾಗಿಸದೆ ದಾಟಿಸಿದರೆ ಹುಟ್ಟು ಅವನದೇ, ಇಲ್ಲದಿದ್ದರೆ ಮೈದುನನದು.

ಒಂದೂವರೆ ತಿಂಗಳಾದ ಮೇಲೆ ತಾತ ಸೀಸೆಯ ತಳದಂಥ ಕನ್ನಡಕ ಏರಿಸಿಕೊಂಡು ಹರಿಗೋಲು ಬಿಚ್ಚಿದ. ಆಚೆ ದಡದಲ್ಲಿ ಊರೆಲ್ಲ ನಿಂತಿತ್ತು. ಜೊತೆಗೆ ಕೂರಲು ಯಾರೂ ಬರಲಿಲ್ಲ, ನಾನೊಬ್ಬಳೇ ಕೂತೆ.

ಕಂಬಗಳ ಹತ್ತಿರ ಬಂದಾಗ ಅವನು ಬಗ್ಗಿ ನೀರು ನೋಡಿದ. ಪಾಚಿ ಕಟ್ಟಿದ ಕಲ್ಲಿನ ತುದಿ ತೋಳಳತೆಯಲ್ಲಿತ್ತು. ಅದರಾಚೆ ಇನ್ನೊಂದು, ಮತ್ತೊಂದು. ಹುಟ್ಟು ನಿಂತುಹೋಯಿತು.

"ಇಷ್ಟ್ ಅತ್ರುಕ್ ಓಯ್ತಿದ್ನಾ ನಾನು?" ಅಂದ. ಹುಟ್ಟನ್ನು ಮಡಿಲಿಗೆ ಎಳೆದುಕೊಂಡ. ಹರಿಗೋಲು ಮೆಲ್ಲಗೆ ತಿರುಗತೊಡಗಿತು. "ಆಗಾಕಿಲ್ಲ ಕಣಮ್ಮಿ. ಮೈದುನನ್ನೇ ಕರೀರಿ."

ನನಗೆ ಈಜು ಇನ್ನೂ ಬರುತ್ತಿರಲಿಲ್ಲ. ಆದರೂ ಎದ್ದು, ದಡದವರಿಗೆ ಕಾಣದಂತೆ ಬೆನ್ನು ಅಡ್ಡ ಇಟ್ಟು, ಅವನ ಮೂಗಿನಿಂದ ಕನ್ನಡಕ ಕಿತ್ತು ಸೆರಗಿನಲ್ಲಿ ಗಂಟು ಹಾಕಿಕೊಂಡೆ.

ತಾತ ಎರಡು ಸಲ ಕಣ್ಣು ಮಿಟುಕಿಸಿದ. ನೀರು, ಕಂಬ ಎಲ್ಲ ಮಸುಕಾಗಿ, ಕಪ್ಪು ಬೆಟ್ಟ, ಬಿಳಿ ಗೋಡೆ ಮಾತ್ರ ಉಳಿದಿರಬೇಕು. ತಲೆ ಎತ್ತಿ ಬೆಟ್ಟದ ಕಡೆ ನೋಡಿ, "ಆಂ, ಈಗ ಸರ್ಯಾಗದೆ," ಅಂದ. ಹುಟ್ಟು ನೀರಿಗಿಳಿಯಿತು. ತಳಕ್ಕೆ ಏನೂ ತಾಗಲಿಲ್ಲ.

ದಡಕ್ಕೆ ನಾಲ್ಕು ಮಾರು ಇರುವಾಗ ಕನ್ನಡಕ ವಾಪಸ್ಸು ಕೊಟ್ಟೆ. ಅವನು ಅದನ್ನು ಮೂಗಿಗೇರಿಸಿ ಇಳಿದ. ಮೈದುನನ ಮುಂದೆ ಹೋಗಿ, "ತಕ್ಕಳ್ಲಾ," ಎನ್ನುವಂತೆ ಹುಟ್ಟು ಚಾಚಿದ. ಪಾಪ, ಅವನು ಕೈ ನೀಡುವಷ್ಟರಲ್ಲಿ ತಾತ ಅದನ್ನು ತನ್ನ ಹೆಗಲಿಗೇರಿಸಿಕೊಂಡು ಮನೆಗೆ ನಡೆದುಬಿಟ್ಟ.