ಕೊಬ್ಬರಿ ಅಟ್ಟದ ಸ್ಯಾಕ್ಸೋಫೋನ್

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿರಲಿಲ್ಲ, ನಂಬುತ್ತಲೂ ಇರಲಿಲ್ಲ. ಸದ್ದಾಯಿತೆಂದರೆ ಮೊದಲು ಇಲಿಯನ್ನು ಹುಡುಕು, ಆಮೇಲೆ ಕಿಟಕಿಯ ಅಗುಳಿ ನೋಡು ಎಂದು ಕಾನ್ವೆಂಟಿನಲ್ಲಿ ಸಿಸ್ಟರುಗಳು ಹೇಳಿಕೊಟ್ಟಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಯಲ್ಲೇ ನಡೆದದ್ದಕ್ಕೂ ನಾನು ಹಾಗೆಯೇ ಕಾರಣ ಹುಡುಕಿದ್ದೇನೆ.

ನೊಣವಿನಕೆರೆಯ ಹತ್ತಿರ ನಮ್ಮ ತೋಟದ ಮನೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ಮಾವನವರ ತಮ್ಮ ಬೆಂಗಳೂರಿನಿಂದ ವಾಪಸು ಬಂದಿದ್ದರು. ದಂಡಿನ, ಅಂದರೆ ಕಂಟೋನ್ಮೆಂಟ್ ಕಡೆಯ ಒಂದು ನೈಟ್‌ಕ್ಲಬ್ಬಿನಲ್ಲಿ ಇಪ್ಪತ್ತು ವರ್ಷ ಸ್ಯಾಕ್ಸೋಫೋನ್ ಊದಿ, ಕೊನೆಗೆ ಅಲ್ಲಿನ ಜಾಜ್ ಬ್ಯಾಂಡಿಗೇ ಲೀಡರ್ ಆಗಿದ್ದವರು. ಕ್ಲಬ್ಬಿನವರು ಬ್ಯಾಂಡು ತೆಗೆದು ರೆಕಾರ್ಡು ಹಾಕತೊಡಗಿದ ಮೇಲೆ ವಾದ್ಯದ ಪೆಟ್ಟಿಗೆ ಹಿಡಿದು ಊರಿಗೆ ಬಂದರು. ನಮ್ಮತ್ತೆ ಬಾಗಿಲಲ್ಲೇ ತಡೆದರಂತೆ. "ಬಾಯಿಗಿಟ್ಟು ಎಂಜಲು ಮಾಡಿದ್ದು ಕಣಪ್ಪ ಅದು. ಪೂಜೆ ಮಾಡೋ ಮನೆಯೊಳಕ್ಕೆ ತರಬ್ಯಾಡ. ಅಟ್ಟಕ್ಕೆ ಹಾಕು."

ಹಾಗಾಗಿ ಅದು ಹಿತ್ತಲಿನ ಕೊಬ್ಬರಿ ಅಟ್ಟ ಸೇರಿತು. ಚಿಕ್ಕಮಾವ ದಿನಾ ಮಧ್ಯಾಹ್ನ ಏಣಿ ಹತ್ತಿ, ಒಣಗಲು ಹಾಕಿದ ಕಾಯಿರಾಶಿಯ ನಡುವೆ ಕೂತು ಮೆಲ್ಲಗೆ ಊದುವರು. ಊದುವ ತುದಿಯಲ್ಲಿ ಬಿದಿರಿನ ಸೀಳಿನಂಥ ತೆಳ್ಳನೆ ರೀಡ್ ಇರುತ್ತದೆ. ಅದನ್ನು ಮೊದಲು ಬಾಯಲ್ಲಿಟ್ಟು ನೆನೆಸಬೇಕು. "ಒಣಗಿದ್ರೆ ಮೂಗಿ ಕಣವ್ವ ಇದು. ನಿಮ್ಮತ್ತೆ ಥರಾನೇ, ಬಾಯಿಗೆ ಎಲಡಿಕೆ ಬಿದ್ಮೇಲೇ ಮಾತು" ಎಂದು ನಗುವರು. ಕೊನೆಗೆ ಯಾವಾಗಲೂ ಒಂದೇ ಹಾಡು. ಕ್ಲಬ್ಬು ಮುಚ್ಚುವ ಮುನ್ನ ಜೋಡಿಗಳ ಕೊನೆಯ ಡ್ಯಾನ್ಸಿಗೆ ಊದುತ್ತಿದ್ದದ್ದಂತೆ.

ಆ ಬೇಸಿಗೆಯಲ್ಲಿ ಅವರಿಗೆ ಉಬ್ಬಸ ಹೆಚ್ಚಾಯಿತು. ಊದಿದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ಅತ್ತೆ ಪೆಟ್ಟಿಗೆಗೆ ಬೀಗ ಹಾಕಿಸಿ ಬೀಗದ ಕೈ ನನ್ನ ಸೊಂಟಕ್ಕೆ ಸಿಕ್ಕಿಸಿದರು. ತುಮಕೂರಿನ ಆಸ್ಪತ್ರೆಗೆ ಹೊರಡುವ ದಿನ ಚಿಕ್ಕಮಾವ ನನ್ನನ್ನು ಕೇಳಿದರು. "ಒಂದೇ ಸಲ ಕಣವ್ವ. ಆ ಕೊನೇ ಹಾಡು ಊದಿ ಕೊಟ್ಬುಡ್ತೀನಿ. ಆಸ್ಪತ್ರೆಯಿಂದ ಬತ್ತೀನೋ ಇಲ್ವೋ."

"ಹುಷಾರಾಗಿ ಬನ್ನಿ ಮಾವ, ಆಗ ಕೊಡ್ತೀನಿ" ಎಂದೆ.

"ಸರಿ ಬುಡು, ಸಿಸ್ಟರಮ್ಮ" ಎಂದರು. ಕಾನ್ವೆಂಟಿನವಳೆಂದು ನನ್ನನ್ನು ಛೇಡಿಸುತ್ತಿದ್ದ ಹೆಸರು ಅದು. ಈ ಸಲ ನಗಲಿಲ್ಲ. ಅವರು ಹಿಂತಿರುಗದಿದ್ದರೆ ಆ ಪಾಪ ನನ್ನದೇ ಎಂದು ನಾಲ್ಕು ದಿನ ಅನ್ನ ಸೇರಲಿಲ್ಲ.

ಐದನೆಯ ಮಧ್ಯಾಹ್ನ ಗಂಡಸರೆಲ್ಲ ತಿಪಟೂರಿನ ಮಾರುಕಟ್ಟೆಗೂ ಆಸ್ಪತ್ರೆಗೂ ಹೋಗಿದ್ದರು. ನಾನೂ ಅತ್ತೆಯೂ ಹಿತ್ತಲ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದೆವು. ಮೊದಲು ಹಿತ್ತಾಳೆಯೊಳಗೆ ಉಸಿರು ಓಡಾಡಿದ ಸದ್ದು. ಆಮೇಲೆ ಅದೇ ಹಾಡು, ಬಹಳ ನಿಧಾನವಾಗಿ. ಕೊನೆಯ ಸಾಲಿಗೆ ಬಂದು, ನಡುವೆಯೇ ನಿಂತಿತು.

"ಯಾವನ್ಲಾ ಅವನು ಅಟ್ಟದ ಮೇಲೆ?" ಎಂದು ಅತ್ತೆ ಕೂಗಿದರು. ಆಗಲೇ ನನಗೆ ಇದು ನನ್ನ ಕಿವಿಯ ಭ್ರಮೆಯಲ್ಲ ಎಂದು ಗೊತ್ತಾದದ್ದು.

ಏಣಿ ಗೋಡೆಯ ಬುಡದಲ್ಲಿ ಮಲಗಿತ್ತು. ನಾವೇ ಎತ್ತಿ ನಿಲ್ಲಿಸಿ ಹತ್ತಿದೆವು. ಮೇಲೆ ಯಾರೂ ಇಲ್ಲ. ಪೆಟ್ಟಿಗೆಯ ಮೇಲಿನ ದೂಳಿನಲ್ಲಿ ಒಂದು ಬೆರಳ ಗುರುತೂ ಇರಲಿಲ್ಲ. ಬೀಗ ತೆಗೆದೆ. ರೀಡ್ ಒದ್ದೆಯಾಗಿತ್ತು. ಕಾಯೊಳಗಿನ ನೀರೂ ಬತ್ತಿ ಹೋಗುವ ಅಟ್ಟ ಅದು. ಮುಟ್ಟಿದೆ. ಬೆಚ್ಚಗಿತ್ತು. ಎಂಜಲೆಂದು ಜನ್ಮದಲ್ಲಿ ಅದನ್ನು ಮುಟ್ಟದ ಅತ್ತೆ ಸೆರಗಿನ ತುದಿಯಿಂದ ಒರೆಸುತ್ತ, "ಅವನಿಗೆ ಏನೋ ಆಗೋಗೈತೆ ಕಣೇ" ಎಂದು ಅಳತೊಡಗಿದರು.

ಸಂಜೆ ಆಸ್ಪತ್ರೆಯಿಂದ ನನ್ನ ಗಂಡ ಬಸ್ಸಿಳಿದು ಬಂದರು. "ಚಿಕ್ಕಪ್ಪ ಚೆನ್ನಾಗವ್ರೆ. ಮಧ್ಯಾಹ್ನ ಎದ್ದು ಕೂತು ಇಡ್ಲಿ ತಿಂದ್ರು" ಎಂದರು. ನಾವಿಬ್ಬರೂ ಅಟ್ಟದ ಮಾತು ಎತ್ತಲಿಲ್ಲ. ಆಮೇಲೂ ಯಾರಿಗೂ ಹೇಳಲಿಲ್ಲ.

ಹದಿನೈದು ದಿನಕ್ಕೆ ಚಿಕ್ಕಮಾವ ಮನೆಗೆ ಬಂದರು. ಕೂರುವ ಮೊದಲೇ ಬೀಗದ ಕೈ ಅವರ ಮುಂದಿಟ್ಟೆ. "ತಗೊಳ್ಳಿ ಮಾವ, ಅತ್ತೇನೂ ಒಪ್ಪಿದ್ದಾರೆ."

ಅವರು ಅದನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದರು. "ಬುಡವ್ವ, ಆವತ್ತೇ ಊದಿದ್ನಲ್ಲ. ಕೊನೇ ಸಾಲಿಗೆ ಉಸಿರು ಸಾಲ್ದೆ ಹೋಯ್ತು, ಅಷ್ಟೇಯ."

ಇನ್ನೊಂದು ವರ್ಷ ಬದುಕಿದ್ದರು. ವಾದ್ಯ ಕೊಡು ಎಂದು ಮತ್ತೆ ಕೇಳಲಿಲ್ಲ. ಕಾಫಿ ಕೊಡುವಾಗೆಲ್ಲ, 'ಆವತ್ತು' ಅಂದರೆ ಯಾವತ್ತು ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬರುತ್ತಿತ್ತು. ನಾಳೆ ಕೇಳೋಣ ಎಂದುಕೊಂಡು ಲೋಟ ಕೊಟ್ಟು ಬರುತ್ತಿದ್ದೆ. ಉತ್ತರ ಬೇಕಿತ್ತೋ, ಉತ್ತರಕ್ಕೇ ಹೆದರಿದ್ದೆನೋ, ಅದೂ ನನಗೆ ಗೊತ್ತಿಲ್ಲ.