ಕೊಂಬೈಯಲ್ಲಿ ಕಡಲಿಲ್ಲ ಎಂಬುದಕ್ಕೆ ಪ್ರಮಾಣಪತ್ರ

ತಮಿಳು ಸೀಮೆಯ ಕೊಂಬೈ ಎಂದರೆ ಜನಕ್ಕೆ ನಾಯಿ ನೆನಪಾಗುತ್ತದೆ, ಬೇಟೆಗೆ ಹೆಸರಾದ ಕೆಂಚು ನಾಯಿ. ನಾಯಿಯನ್ನು ಬಿಟ್ಟರೆ ನಮ್ಮೂರಲ್ಲಿ ಇರುವುದು ದ್ರಾಕ್ಷಿ ಚಪ್ಪರ, ತೆಂಗು, ಬೆನ್ನಿಗೆ ಘಟ್ಟ. ಕಡಲು ನೋಡಬೇಕೆಂದರೆ ಪೂರ್ವಕ್ಕೆ ಬಸ್ಸು ಬದಲಿಸಿ ಬದಲಿಸಿ ಅರ್ಧ ದಿನ ಕೂರಬೇಕು. ಪಶ್ಚಿಮಕ್ಕೆ ಹೋಗುವುದಾದರೆ ಘಟ್ಟ ಹತ್ತಿ ಕೇರಳಕ್ಕೆ ಇಳಿಯಬೇಕು. ಇಂಥ ಊರಿನಲ್ಲಿ ಒಂದು ಕಡಲ ಹುಳು ವಾಸವಾಗಿದೆ ಎಂದು ವರ್ಷಗಟ್ಟಲೆ ದೊಡ್ಡ ದೊಡ್ಡ ವಿದ್ವಾಂಸರು ನಂಬಿದ್ದರು. ನಂಬಲು ಕಾರಣ ನಾನು.

ಹುಳುವಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಉದ್ದ ಜೀರಿಗೆ ಕಾಳಿನಷ್ಟು. ಮೈತುಂಬ ಉಂಗುರಗಳು, ಪ್ರತಿ ಉಂಗುರದ ಎರಡು ಪಕ್ಕದಲ್ಲೂ ಸಣ್ಣ ಕಾಲಿನಂಥ ಮಡಿಕೆ, ಆ ಮಡಿಕೆಯಿಂದ ಹೊರಟ ಬಿರುಗೂದಲು. ಆ ಕೂದಲಿನ ತುದಿ ಒಂದೇ ಮೊನೆಯೋ ಎರಡು ಕವಲೋ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಇಂಥ ಜಾತಿಯ ಹುಳು ಎಂದು ಹೇಳುವುದು ನನ್ನ ಕಸುಬು. ಹೊಟ್ಟೆಪಾಡಿಗೆ ಹತ್ತಿರದ ಉತ್ತಮಪಾಳಯಂನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತೇನೆ. ಈ ಕಸುಬಿನಲ್ಲಿ ಕಣ್ಣು ಹೋಗುತ್ತದೆ, ಕುತ್ತಿಗೆ ಹೋಗುತ್ತದೆ, ನೆಂಟರ ಮುಂದೆ ಮರ್ಯಾದೆಯೂ ಹೋಗುತ್ತದೆ. "ಅವ್ಳು ಉಳ ಎಣಿಸ್ತಾಳೆ" ಎಂದು ನನ್ನ ಅತ್ತೆ ಒಂದು ಮದುವೆಯಲ್ಲಿ ಯಾರಿಗೋ ಹೇಳಿದರು. ಕೇಳಿದವರು ರೇಷ್ಮೆಯ ವ್ಯವಹಾರ ಇರಬೇಕು ಎಂದುಕೊಂಡು ಗೌರವದಿಂದ ತಲೆಯಾಡಿಸಿದರು. ನಾನು ತಿದ್ದಲಿಲ್ಲ.

ಸಂಶೋಧನೆ ಮಾಡುತ್ತಿದ್ದ ಕಾಲದಲ್ಲಿ ರಾಮನಾಥಪುರದ ಕಡೆಯ ತೀರದಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಜರಡಿ ಹಿಡಿದು ಈ ಹುಳುಗಳನ್ನು ಸೋಸಿ ತಂದಿದ್ದೆ. ಹಬ್ಬದ ರಜೆಗೆ ಮನೆಗೆ ಬರುವಾಗ ಅವೂ ನನ್ನ ಜೊತೆ ಬಂದವು. ಸ್ಪಿರಿಟ್ಟಿನಲ್ಲಿಡಲು ನನ್ನ ಹತ್ತಿರ ಬಾಟಲಿ ಸಾಲಲಿಲ್ಲ. ಅಮ್ಮ ತುಪ್ಪ ತುಂಬಿಡುತ್ತಿದ್ದ ಗಾಜಿನ ಬಾಟಲಿಗಳಲ್ಲಿ ಒಂದನ್ನು ಕೊಟ್ಟಳು. ಸುಮ್ಮನೆ ಕೊಡಲಿಲ್ಲ, ವಾಪಸ್ ಬರಬೇಕು ಎಂದು ಮೂರು ಸಲ ಹೇಳಿ ಕೊಟ್ಟಳು.

ಇಲ್ಲಿ ನನ್ನ ಅಪ್ಪನ ಪ್ರವೇಶ. ನಮ್ಮ ಕಡೆ ಮದುವೆ, ತಿಥಿ, ಏನೇ ಆದರೂ ಒಬ್ಬರ ಮನೆಯ ಅಂಡೆ, ಕೊಳಗ, ಸೌಟು ಇನ್ನೊಬ್ಬರ ಮನೆಗೆ ಹೋಗುತ್ತವೆ. ಹೋದದ್ದು ತಿರುಗಿ ಬರಬೇಕಲ್ಲ, ಅದಕ್ಕೆ ಪ್ರತಿ ಪಾತ್ರೆಯ ಮೇಲೂ ಮನೆಯ ಗುರುತು, ಊರ ಹೆಸರು. ಬೇರೆಯವರು ಪಾತ್ರೆ ಅಂಗಡಿಯಲ್ಲಿ ಕೆತ್ತಿಸಿ ಸುಮ್ಮನಾಗುತ್ತಾರೆ. ಅಪ್ಪನಿಗೆ ಅದು ಸಾಲದು. ಅವರ ಹತ್ತಿರ ಒಂದು ಡಬ್ಬಿ ಕೆಂಪು ಪೇಂಟು, ಒಂದು ಸಣ್ಣ ಬ್ರಷ್ಷು ಸದಾ ಸಿದ್ಧ. ಏಣಿ, ಮೊರ, ಟಾರ್ಚು, ದ್ರಾಕ್ಷಿಗೆ ಔಷಧಿ ಹೊಡೆಯುವ ಯಂತ್ರ, ಎಲ್ಲದರ ಮೇಲೂ ಗುಂಡಗಿನ ತಮಿಳು ಅಕ್ಷರದಲ್ಲಿ ನಮ್ಮ ಮನೆಹೆಸರಿನ ಮೊದಲಕ್ಷರ, ಕೆಳಗೆ ಕೊಂಬೈ. ಮನೆಯಲ್ಲಿ ಆಡುವುದು ಕನ್ನಡ, ಬರೆಯಲು ಕಲಿತದ್ದು ತಮಿಳು. ನಾನು ಹಾಸ್ಟೆಲಿಗೆ ಹೊರಟಾಗ ನನ್ನ ಹಣೆಯ ಮೇಲೆ ಬರೆಯಲಿಲ್ಲ ಎಂಬುದೇ ಹೆಚ್ಚು.

ಆ ಬಾಟಲಿಯ ಮುಚ್ಚಳದ ಮೇಲೂ ಬರೆದರು. ಹುಳುವಿಗೆ ಇದೆಲ್ಲ ಏಕೆ ಎಂದು ಕೇಳಿದೆ.

"ಮನೆ ದಾಟಿ ಓಗೋ ಸಾಮಾನ್ಗೆ ಊರ್ ಪೇರು ಬೇಕು ತಾಯಿ," ಎಂದರು. "ಇಲ್ದಿದ್ರೆ ಎಂಗೆ ತಿರ್ಗಿ ಬತ್ತದೆ?"

ಬಾಟಲಿಯ ಒಳಗೆ ನಾನೂ ಒಂದು ಚೀಟಿ ಹಾಕಿದ್ದೆ. ಪೆನ್ಸಿಲಿನಲ್ಲಿ ಬರೆದದ್ದು ಬರೀ ಒಂದು ಸಂಖ್ಯೆ. ಆ ಸಂಖ್ಯೆಯ ಹುಳು ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ ಸಿಕ್ಕಿತು ಎಂಬುದೆಲ್ಲ ನೋಟ್‌ಬುಕ್ಕಿನಲ್ಲಿತ್ತು. ನೋಟ್‌ಬುಕ್ಕು ನನ್ನ ಕಪಾಟಿನಲ್ಲೇ ಉಳಿಯಿತು. ಬಾಟಲಿ ಮಾತ್ರ, ಸಂಶೋಧನೆ ಮುಗಿದ ಮೇಲೆ, ಒಂದು ಸಂಗ್ರಹಾಲಯಕ್ಕೆ ಹೋಯಿತು. ಇದು ಶುದ್ಧ ನನ್ನ ಸೋಮಾರಿತನ, ಇನ್ನಾರ ತಲೆಗೂ ಕಟ್ಟುವಂತಿಲ್ಲ. ಅಲ್ಲಿ ಪಟ್ಟಿ ಬರೆಯುತ್ತಿದ್ದವರ ಮುಂದೆ 'ಸಿಕ್ಕ ಸ್ಥಳ' ಎಂಬ ಕಲಂ ಇತ್ತು. ಒಳಗಿನ ಚೀಟಿಯಲ್ಲಿ ಸ್ಥಳವಿಲ್ಲ, ಮುಚ್ಚಳದ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಕೊಂಬೈ ಎಂದಿದೆ. ಅವರು ಕೊಂಬೈ ಎಂದೇ ಬರೆದುಕೊಂಡರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ.

ನಮ್ಮ ವಿದ್ಯೆಯಲ್ಲಿ ಒಂದು ಸೊಗಸಿದೆ. ಒಂದು ಪಟ್ಟಿ ಸೇರಿದ ಹುಳು ಮುಂದಿನ ಪಟ್ಟಿಗೆ ತಾನಾಗಿ ನಡೆದುಹೋಗುತ್ತದೆ. ಪಟ್ಟಿ ಮಾಡುವವರು ಹುಳುವನ್ನು ನೋಡುವುದಿಲ್ಲ, ಹಳೆಯ ಪಟ್ಟಿಯನ್ನು ನೋಡುತ್ತಾರೆ. ಕೆಸರಲ್ಲಿ ಇಳಿಯುವುದಕ್ಕಿಂತ ಅದು ಬಟ್ಟೆಗೂ ಒಳ್ಳೆಯದು. ಹೀಗೆ ಕೊಂಬೈಯ ಹುಳು ಸಂಗ್ರಹಾಲಯದ ಪಟ್ಟಿಯಿಂದ ರಾಜ್ಯದ ಪಟ್ಟಿಗೆ, ಅಲ್ಲಿಂದ ಇಂಟರ್‌ನೆಟ್ಟಿನ ಭೂಪಟಕ್ಕೆ ಏರಿತು. ಭೂಪಟದಲ್ಲಿ ಕಡಲ ಅಂಚಿನುದ್ದಕ್ಕೂ ಕೆಂಪು ಚುಕ್ಕೆಗಳು. ಒಂದೇ ಒಂದು ಚುಕ್ಕೆ ಒಳನಾಡಿನಲ್ಲಿ, ಘಟ್ಟದ ಬುಡಕ್ಕೆ ಒರಗಿಕೊಂಡು ಕೂತಿತ್ತು. ಹತ್ತಿರ ಹೋಗಿ ನೋಡಿದರೆ ಅದು ಸರಿಯಾಗಿ ನಮ್ಮ ಬಸ್ ನಿಲ್ದಾಣದ ಮೇಲಿದೆ. ಒತ್ತಿದರೆ ಊರ ಹೆಸರು, ಪಕ್ಕದಲ್ಲಿ ಹಿಡಿದವರೆಂದು ನನ್ನ ಹೆಸರು.

ಚುಕ್ಕೆ ಬಂದ ಮೇಲೆ ಅದಕ್ಕೆ ಅರ್ಥ ಹೇಳುವವರೂ ಬರಬೇಕಲ್ಲ. ಒಬ್ಬ ವಿದ್ವಾಂಸರು, ಹಿಂದೆ ಯಾವುದೋ ಯುಗದಲ್ಲಿ ಕಡಲು ಘಟ್ಟದವರೆಗೆ ಬಂದಿದ್ದಿರಬೇಕು, ಅದು ಹಿಂದೆ ಸರಿದಾಗ ಈ ಬಡಪಾಯಿ ಹುಳು ಅಲ್ಲೇ ಉಳಿದಿರಬೇಕು ಎಂದರು. ಇನ್ನೊಬ್ಬರು ಹುಳು ಸಿಹಿನೀರಿಗೆ ಒಗ್ಗಿಕೊಂಡಿದೆ ಎಂದರು. ಊರಿನವರ ವಾಟ್ಸಾಪ್ ಗುಂಪಿನಲ್ಲಿ ಆ ಭೂಪಟ ಬಂದ ದಿನ, ಚಹಾ ಅಂಗಡಿಯಲ್ಲಿ ಬಂದರು ಯಾವಾಗ ಕಟ್ಟುತ್ತಾರೆ ಎಂಬ ಚರ್ಚೆ ನಡೆಯಿತಂತೆ. ಅಪ್ಪ ಅದನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ, ಫ್ರೇಮು ಕಟ್ಟಿಸಿ, ಜಗಲಿಯ ಗೋಡೆಗೆ ತೂಗುಹಾಕಿದರು. ಬಂದವರಿಗೆಲ್ಲ ಬೆರಳಿಟ್ಟು ತೋರಿಸುತ್ತಿದ್ದರು. ಮಗಳ ಹೆಸರಿನ ಪಕ್ಕದಲ್ಲಿ ಊರ ಹೆಸರು ಇದೆ, ಅವರ ಲೆಕ್ಕದಲ್ಲಿ ಇರಬೇಕಾದದ್ದೇ ಹಾಗೆ.

ಮೂರನೆಯ ವಿದ್ವಾಂಸರು ಮಾತ್ರ ಬುದ್ಧಿವಂತರು. ಕಡಲಿಲ್ಲದ ಊರಲ್ಲಿ ಕಡಲ ಹುಳು ಸಿಕ್ಕಿತು ಎನ್ನುವವರು ಸುಳ್ಳು ಹೇಳುತ್ತಿರಬಹುದು ಎಂದು ಬರೆದರು. ಅದು ನನ್ನನ್ನು ಹಿಡಿದುಕೊಂಡಿತು. ಅಲ್ಲಿಂದ ಮುಂದೆ ನಾನು ನಿಜವಾಗಿ ಕಂಡದ್ದನ್ನು ಬರೆದು ಎಲ್ಲಿಗೆ ಕಳಿಸಿದರೂ, ಇವರು ಆ ಕೊಂಬೈಯವರಲ್ಲವೇ ಎಂಬ ಧಾಟಿಯ ಒಂದು ಸಾಲಿನೊಂದಿಗೆ ಮರಳಿ ಬರುತ್ತಿತ್ತು. ಅದೇ ತೀರಕ್ಕೆ ಮತ್ತೆ ಮತ್ತೆ ಹೋಗಿ, ಎರಡು ಮಳೆಗಾಲ ಕೂತು ನೋಡಿ, ಈ ಹುಳುವಿನ ಕೂದಲು ಪುಸ್ತಕದಲ್ಲಿ ಹೇಳಿದಂತಿಲ್ಲ ಎಂದು ಕಂಡುಕೊಂಡಿದ್ದೆ. ನನ್ನ ಬಾಳಿನಲ್ಲಿ ನಾನು ಕಂಡುಹಿಡಿದದ್ದು ಅದೊಂದೇ. ಅದನ್ನು ಓದುವವರೇ ಇಲ್ಲ. ಬಸ್ಸಿನಲ್ಲಿ ಕೂತು ಅತ್ತಿದ್ದೇನೆ. ಆ ಚುಕ್ಕೆ ಅಳಿಯುವವರೆಗೆ ನನ್ನ ಮಾತಿಗೆ ಬೆಲೆಯಿಲ್ಲ ಎಂಬುದು ಖಚಿತವಾಯಿತು.

ಅಳಿಸಿ ಎಂದು ಅರ್ಜಿ ಹಾಕಿದೆ. ಪಟ್ಟಿ ನೋಡಿಕೊಳ್ಳುವ ಕಚೇರಿಯಿಂದ ಬಹಳ ದಿನದ ಮೇಲೆ ಉತ್ತರ ಬಂತು. ಅಚ್ಚಾದ ದಾಖಲೆಯನ್ನು ಸುಮ್ಮನೆ ಅಳಿಸಲು ಬರುವುದಿಲ್ಲ, ಆ ಸ್ಥಳದಲ್ಲಿ ಕಡಲಿಲ್ಲ ಎಂಬುದಕ್ಕೆ ಸ್ಥಳೀಯ ಅಧಿಕಾರಿಯ ಪತ್ರ ಲಗತ್ತಿಸಬೇಕು ಎಂದಿದ್ದರು. ಕಡಲ ಹುಳು ಊರಿನಲ್ಲಿ ಇದೆ ಎನ್ನಲು ಯಾರೂ ಏನೂ ಕೇಳಿರಲಿಲ್ಲ. ಊರಿನಲ್ಲಿ ಕಡಲಿಲ್ಲ ಎನ್ನಲು ಸೀಲು ಬೇಕು.

ಗ್ರಾಮದ ಆಡಳಿತಾಧಿಕಾರಿ ನಮ್ಮವನೇ, ವರಸೆಯಲ್ಲಿ ತಮ್ಮ. ಅರ್ಜಿಯನ್ನು ಎರಡು ಸಲ ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿದ.

"ಇರೋದ್ನ ಬರ್ಯಾಕೆ ಪುಸ್ತಕ ಅದೆ ಅಕ್ಕಾ. ಕೆರೆ, ನೀರ್ ಸೇದೋ ಕೆಣಿ, ನೀರ್ ಅರಿಯೋ ಓಡೆ ಎಲ್ಲಾ ಅದೆ. ಇಲ್ದಿದ್ನ ಎಲ್ಲಿ ಬರೀಲಿ?"

"ಕಡ್ಲು ಇಲ್ಲ ಅಂತ ಒಂದು ಸಾಲು ಬರ್ದು ಸೀಲ್ ಆಕಪ್ಪ, ಸಾಕು."

"ಒಂದ್ ಸಾಲ್ನಾಗೆ ಸಿಕ್ಕಾಕ್ಕೊಂಬುಡ್ತೀನಿ ಅಕ್ಕಾ. ನಾಳೆ ಮೇಲಿರೋರು, ಮುಂಚೆ ಇತ್ತಾ, ಯಾರಾದ್ರೂ ಮುಚ್ಚಿ ಮನೆ ಕಟ್ಟವ್ರಾ ಅಂತ ಕೇಳಿದ್ರೆ?"

ಅವನ ಭಯ ಸುಳ್ಳಲ್ಲ, ಈ ಕಣಿವೆಯಲ್ಲಿ ಕಡತದಲ್ಲಿರುವ ಎಷ್ಟೋ ಕೆರೆಗಳು ಈಗ ಬಡಾವಣೆಗಳಾಗಿವೆ. ಮೂರು ವಾರ ಅಲೆಸಿದ. ಊರ ಗಡಿಯ ಸುತ್ತ ಒಂದು ದಿನ ಮೋಟಾರ್ ಸೈಕಲಿನಲ್ಲಿ ಸುತ್ತಿ ಬಂದನೆಂದು ಆಮೇಲೆ ಗೊತ್ತಾಯಿತು, ಕಣ್ಣಾರೆ ನೋಡದೆ ಸಹಿ ಹಾಕುವವನಲ್ಲವಂತೆ. ಕೊನೆಗೆ ಕೊಟ್ಟ ಪತ್ರದ ಒಕ್ಕಣೆ ಹೀಗಿತ್ತು: ಮೇಲ್ಕಂಡ ಗ್ರಾಮದ ಎಲ್ಲೆಯೊಳಗೆ ಸ್ಥಳ ಪರಿಶೀಲನೆಯ ದಿನದಂದು ಸಮುದ್ರ ಕಂಡುಬಂದಿರುವುದಿಲ್ಲ. ಈ ಪತ್ರ ಆರು ತಿಂಗಳು ಮಾತ್ರ ಊರ್ಜಿತ. ಆರು ತಿಂಗಳ ಮೇಲೆ ಕಡಲು ಬಂದರೆ ತನ್ನನ್ನು ಕೇಳಬೇಡಿ ಎಂದು ಅದರ ಅರ್ಥ. ಆದರೂ, ನಾನು ಕಂಡ ಪಟ್ಟಿ ಮಾಡುವವರಲ್ಲಿ ಜಾಗಕ್ಕೆ ಹೋಗಿ ನೋಡಿ ಬರೆದವನು ಅವನೊಬ್ಬನೇ.

ಪತ್ರವನ್ನು ಕಚೇರಿ ಒಪ್ಪಿಕೊಂಡಿತು. ಒಪ್ಪಿಕೊಂಡು ಇನ್ನೊಂದು ಕೇಳಿತು. ತಪ್ಪು ಸ್ಥಳ ಬಾಟಲಿಯ ಮೇಲೆ ಹೇಗೆ ಬಂತು? ಅದನ್ನು ಬರೆದವರಿಂದ ಸಹಿ ಹಾಕಿದ ಹೇಳಿಕೆ ಬೇಕು.

ಇಷ್ಟು ವರ್ಷ ನಾನು ಯಾವುದನ್ನು ಮುಚ್ಚಿಟ್ಟಿದ್ದೆನೋ ಅದೇ ಈಗ ಬೇಕಾಯಿತು. ಅಪ್ಪನಿಗೆ ನಾನು ಏನೂ ಹೇಳಿರಲಿಲ್ಲ. ಎಂಬತ್ತು ದಾಟಿದ ಮನುಷ್ಯ, ಕೈ ನಡುಗುತ್ತಿದ್ದರೂ ಊರಿನವರ ಅಂಡೆಗೆ ಈಗಲೂ ಹೆಸರು ಬರೆದುಕೊಡುತ್ತಾರೆ. ನಿಮ್ಮ ಕೆಂಪು ಪೇಂಟು ನನ್ನನ್ನು ಸುಳ್ಳುಗಾತಿ ಮಾಡಿತು ಎಂದು ಯಾವ ಬಾಯಲ್ಲಿ ಹೇಳಲಿ? ಹೇಳದೆ ಎರಡು ತಿಂಗಳು ತಳ್ಳಿದೆ. ಕಡಲಿಲ್ಲದ ಪತ್ರದ ಆರು ತಿಂಗಳು ಮುಗಿಯುತ್ತ ಬಂತು.

ನಾನು ಹೇಳುವ ಮೊದಲೇ ಆ ಆಡಳಿತಾಧಿಕಾರಿ ತಮ್ಮ ಹೇಳಿಬಿಟ್ಟಿದ್ದ. ಒಂದು ಭಾನುವಾರ ಬೆಳಿಗ್ಗೆ ಕೊಂಬೈಗೆ ಹೋದಾಗ ಜಗಲಿಯ ಗೋಡೆಯಲ್ಲಿ ಭೂಪಟ ಇರಲಿಲ್ಲ. ಮೊಳೆ ಮಾತ್ರ ಇತ್ತು. ಅಪ್ಪ ಕೆಳಗೆ ಕೂತಿದ್ದರು.

"ನಾನ್ ಬರ್ದ ಎಳುತ್ನಿಂದ ನಿನ್ ಪೇರು ಕೆಟ್ಟೋಯ್ತಾ ತಾಯಿ?"

"ಇಲ್ಲಪ್ಪ. ಒಳಗಡೆ ಚೀಟೀಲಿ ನಾನು ಊರು ಬರ್ದಿರ್ಲಿಲ್ಲ. ತಪ್ಪು ನಂದು."

"ಎಷ್ಟ್ ವರ್ಷ ಆಯ್ತು? ಒಂದ್ ಮಾತು ಯೋಳ್ಬಾರ್ದಾ?"

ಒಳಗಿನಿಂದ ಅಮ್ಮ, ಎಲ್ಲವನ್ನೂ ಕೇಳಿಸಿಕೊಂಡವಳು, ಆ ಬಾಟ್ಲು ಈಗ ಎಲ್ಲಿ ಅದೆ ಎಂದು ಕೇಳಿದಳು. ಸಂಗ್ರಹಾಲಯದಲ್ಲಿದೆ, ಕೊಡುವುದಿಲ್ಲವಂತೆ ಎಂದೆ. ಊರ ಹೆಸರು ಬರೆದಿದ್ದರೂ ಕೊಡುವುದಿಲ್ಲವೇ ಎಂದು ಅವಳಿಗೆ ನಿಜವಾಗಿಯೂ ಸಿಟ್ಟು ಬಂತು.

ಅಪ್ಪ ಬಿಳಿ ಹಾಳೆ ತರಿಸಿದರು. ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು, ನಡುಗುವ ಬಲಗೈಯನ್ನು ಎಡಗೈಯಿಂದ ಹಿಡಿದು, ಒಂದೊಂದೇ ಅಕ್ಷರ ಕೂರಿಸಿದರು. ತಮಿಳಿನಲ್ಲಿ ಬರೆದದ್ದು ಇಷ್ಟು: ಬಾಟಲಿ ನಮ್ಮ ಮನೆಯದು. ಮುಚ್ಚಳದ ಮೇಲಿರುವುದು ಬಾಟಲಿಯ ಊರು. ಬರೆದವನು ನಾನು. ಹುಳುವಿನ ಊರು ನನಗೆ ತಿಳಿಯದು, ನನ್ನ ಮಗಳಿಗೆ ತಿಳಿದಿದೆ, ಅವಳು ಸುಳ್ಳು ಹೇಳುವವಳಲ್ಲ. ಕೆಳಗೆ ಸಹಿ, ಸಹಿಯ ಕೆಳಗೆ ಕೊಂಬೈ. ನಾನು ಹಾಳೆಯನ್ನು ಮಡಿಸದೆ ಉತ್ತಮಪಾಳಯಂವರೆಗೆ ಬಸ್ಸಿನಲ್ಲಿ ಎದೆಗೆ ಹಿಡಿದುಕೊಂಡು ಬಂದೆ.

ಕಳೆದ ತಿಂಗಳು ದಾಖಲೆ ತಿದ್ದಿದರು. ಘಟ್ಟದ ಬುಡದ ಚುಕ್ಕೆ ಹೋಗಿದೆ, ರಾಮನಾಥಪುರದ ತೀರದಲ್ಲಿ ಸರಿಯಾದ ಜಾಗಕ್ಕೆ ಬಂದು ಕೂತಿದೆ. ನನ್ನ ಲೇಖನವನ್ನೂ ಒಬ್ಬರು ಓದಲು ಒಪ್ಪಿದ್ದಾರೆ. ಹೊಸ ಚುಕ್ಕೆಯನ್ನು ಒತ್ತಿ ಒಳಗೆ ನೋಡಿದೆ. ಸ್ಥಳ ಸರಿ, ಆಳ ಸರಿ. 'ಹಿಡಿದವರು' ಎಂಬ ಕಲಂನಲ್ಲಿ ನನ್ನ ಹೆಸರಿಲ್ಲ, ಅಪ್ಪನ ಹೆಸರಿದೆ. ಹೇಳಿಕೆಗೆ ಸಹಿ ಹಾಕಿದವರನ್ನೇ ಯಾರೋ ಅಲ್ಲಿ ಏರಿಸಿಬಿಟ್ಟಿದ್ದಾರೆ. ಬಾಳಿನಲ್ಲಿ ಒಮ್ಮೆಯೂ ಕಡಲು ನೋಡದ ಮನುಷ್ಯ, ದಾಖಲೆಯ ಪ್ರಕಾರ, ಮೊಣಕಾಲುದ್ದ ಕೆಸರಿನಲ್ಲಿ ನಿಂತು ಹುಳು ಸೋಸಿದ್ದಾರೆ.

ಹೊಸ ಭೂಪಟವನ್ನು ಪ್ರಿಂಟು ಹಾಕಿಸಿ ಕೊಂಬೈಗೆ ತೆಗೆದುಕೊಂಡು ಹೋದೆ. ಅಪ್ಪ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ಈಗ ಎಲ್ಲಾ ಸರಿಯಾಗದಾ ತಾಯಿ? ತಪ್ಪು ಏನೂ ಇಲ್ವಾ?"

"ಎಲ್ಲಾ ಸರಿಯಾಗದೆ ಅಪ್ಪ," ಎಂದೆ. ಅವರು ಅದನ್ನು ಹಳೆಯ ಮೊಳೆಗೇ ತೂಗುಹಾಕಿದರು. ತಿದ್ದುಪಡಿಯ ಇನ್ನೊಂದು ಅರ್ಜಿ ನಮೂನೆ ನನ್ನ ಚೀಲದಲ್ಲಿತ್ತು, ಈಗಲೂ ಅಲ್ಲೇ ಇದೆ, ನಾನು ಅದನ್ನು ತುಂಬಿಲ್ಲ.